ಎರಡು ಅಲೆಗಳ ನಡುವಿನ ಬಿಡುವು: 1918ರ ಬೊಂಬಾಯಿ ನಮಗೆ ಹೇಳೋದೇನು?

ಇವತ್ತಿನ ಮಾತು ಶುರುವಾಗೋದು ನಾನೇ ಬರೆದ ಒಂದು ಡಾಕ್ಯುಮೆಂಟಿನಿಂದ.

2009ರ ಆಗಸ್ಟ್. ನಾನಾಗ ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕಿದ್ದೆ. ಆಗಸ್ಟ್ 3ರಂದು ದೇಶದ ಮೊದಲ ಹಂದಿಜ್ವರದ ಸಾವು ಪುಣೆಯಲ್ಲೇ ಆಯ್ತು. ಕೆಲವೇ ದಿನಗಳಲ್ಲಿ ಶಾಲೆ, ಸಿನಿಮಾ ಮಂದಿರಗಳಿಗೆ ಬೀಗ ಬಿತ್ತು. ಊರೆಲ್ಲ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಓಡಾಡ್ತಿತ್ತು. ಕ್ಲೈಂಟ್ ಕೇಳ್ತಿದ್ದಾರೆ, ನಮ್ಮ ಆಫೀಸಿಗೊಂದು ಬಿಸಿನೆಸ್ ಕಂಟಿನ್ಯುಟಿ ಪ್ಲಾನ್ ಬೇಕು ಅಂತ ಮ್ಯಾನೇಜರ್ ಹೇಳಿದರು. ಎರಡು ರಾತ್ರಿ ಕೂತು ಹದಿನಾಲ್ಕು ಪುಟ ಬರೆದೆ. ಸರ್ವರ್ ಯಾರು ನೋಡಿಕೊಳ್ಳೋದು, ಯಾರಿಗೆ ಲ್ಯಾಪ್‌ಟಾಪ್, ಯಾರ ಕೆಲಸ ಯಾರಿಗೆ, ಎಲ್ಲ ಇತ್ತು. ಕ್ಲೈಂಟಿಗೂ ಖುಷಿ.

ಅದೇ ವಾರ ನಮಗೆ ಚಹಾ ತಂದುಕೊಡೋ ಕ್ಯಾಂಟೀನ್ ಹುಡುಗ ಜ್ವರದಲ್ಲಿ ನಡುಗ್ತಾ ಬಂದ. ರಜೆ ಹಾಕಪ್ಪಾ ಅಂತ ನನ್ನ ಅರೆಬರೆ ಮರಾಠಿಯಲ್ಲಿ ಹೇಳಿದೆ. ರಜೆ ಹಾಕಿದರೆ ಆ ದಿನದ ಪಗಾರ ಯಾರು ಕೊಡ್ತಾರೆ ಸರ್ ಅಂದ. ನಾನು ಬರೆದ ಹದಿನಾಲ್ಕು ಪುಟದಲ್ಲಿ ಅವನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವನೊಬ್ಬನೇ ಅಲ್ಲ, ಸೆಕ್ಯುರಿಟಿಯವರು, ಬಸ್ ಡ್ರೈವರು, ಕಸ ಗುಡಿಸುವ ಅಕ್ಕ, ಯಾರೂ ಇರಲಿಲ್ಲ.

ಆ ಪ್ರಶ್ನೆ ಹಿಡಿದುಕೊಂಡೇ ನಾನು 1918ರ ಇನ್‌ಫ್ಲುಯೆಂಜಾ ಬಗ್ಗೆ ಓದೋಕೆ ಶುರು ಮಾಡಿದ್ದು.

ಮೊದಲ ಮಹಾಯುದ್ಧದ ಕೊನೇ ವರ್ಷ. ಸೈನಿಕರನ್ನು ಹೊತ್ತ ಹಡಗುಗಳು ಬೊಂಬಾಯಿಗೆ ಬಂದು ಹೋಗ್ತಿದ್ದವು. 1918ರ ಜೂನ್ 10ರಂದು, ಬಂದರಿನಲ್ಲಿ ಕಾವಲಿದ್ದ ಒಬ್ಬನೂ ಸೇರಿ, ಏಳು ಮಂದಿ ಪೊಲೀಸ್ ಸಿಪಾಯಿಗಳು ಜ್ವರದಿಂದ ಆಸ್ಪತ್ರೆ ಸೇರಿದರು. ಮಲೇರಿಯಾ ಅಲ್ಲ ಅನ್ನೋದಷ್ಟೇ ಗೊತ್ತಾಗಿತ್ತು. ಆಮೇಲಿನ ಎರಡು ವಾರದಲ್ಲಿ ಜ್ವರ ಹರಡಿದ ದಾರಿ ನೋಡಿ: ಬಂದರಿನ ನೌಕರರು, ಬ್ಯಾಂಕು, ತಂತಿ ಕಚೇರಿ, ಟಂಕಸಾಲೆ, ಹತ್ತಿ ಗಿರಣಿ. ಅಂದ್ರೆ ಈ ರೋಗ ಊರೊಳಗೆ ಕಾಲಿಟ್ಟಿದ್ದೇ ಕೆಲಸದ ಜಾಗಗಳ ಮೂಲಕ. ಅಲ್ಲಿಂದ ರೈಲು ಹತ್ತಿ ದೇಶವೆಲ್ಲ ಸುತ್ತಿತು. ಹೊರಗಿನವರು ಇದನ್ನು 'ಬೊಂಬಾಯಿ ಜ್ವರ' ಅಂತಲೇ ಕರೆದರು.

ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಬೊಂಬಾಯಿ ಪ್ರಾಂತ್ಯಕ್ಕೇ ಸೇರಿದ್ದವು ಅನ್ನೋದನ್ನ ಮರೀಬೇಡಿ. ಇದು ನಮ್ಮೂರುಗಳ ಚರಿತ್ರೆಯೂ ಹೌದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಆ ಮೊದಲ ಅಲೆ ಅಷ್ಟೇನೂ ಭೀಕರವಾಗಿರಲಿಲ್ಲ. ಮೂರ್ನಾಲ್ಕು ದಿನ ಜ್ವರ, ಮೈಕೈ ನೋವು, ಆಮೇಲೆ ಹೆಚ್ಚಿನವರು ಎದ್ದು ಕೆಲಸಕ್ಕೆ ಹೋದರು. ಜುಲೈ ಕಳೆಯೋ ಹೊತ್ತಿಗೆ ತಗ್ಗಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ರೋಗ ಬಂದರಿನಿಂದ ಬಂತೋ, ಊರಿನ ಕೊಳಕಿನಿಂದ ಬಂತೋ ಅಂತ ನಗರದ ಆರೋಗ್ಯಾಧಿಕಾರಿ ಟರ್ನರ್ ಒಂದು ಕಡೆ, ಸರ್ಕಾರ ಇನ್ನೊಂದು ಕಡೆ ನಿಂತು ವಾದ ಮಾಡಿದರು. ಎಷ್ಟೋ ವೈದ್ಯರು ಯುದ್ಧಕ್ಕೆ ಹೋಗಿದ್ದರು. ಆ ವರ್ಷ ಮಳೆಯೂ ಕೈಕೊಟ್ಟಿತು, ಧಾನ್ಯದ ಬೆಲೆ ಏರಿತು. ಹೊಟ್ಟೆಗಿಲ್ಲದ ಮೈಗೆ ಜ್ವರ ತಡೆಯೋ ಶಕ್ತಿ ಎಲ್ಲಿಂದ ಬರಬೇಕು?

ಸೆಪ್ಟೆಂಬರಿನಲ್ಲಿ ಎರಡನೇ ಅಲೆ ಬಂತು. ಅಕ್ಟೋಬರ್ 6ರಂದು, ಒಂದೇ ದಿನ, ಬೊಂಬಾಯಿ ನಗರವೊಂದರಲ್ಲೇ 768 ಸಾವು. ದೇಶದಲ್ಲಿ ಸತ್ತವರು ಕಡಿಮೆ ಅಂದರೂ 1 ಕೋಟಿ 20 ಲಕ್ಷ ಅಂತ ಅಂದಾಜು. 1911ರಿಂದ 1921ರ ಜನಗಣತಿ ದಶಕ ಒಂದರಲ್ಲೇ ಭಾರತದ ಜನಸಂಖ್ಯೆ ಏರುವ ಬದಲು ಇಳಿದಿದ್ದು.

ಎಲ್ಲರೂ ಒಂದೇ ಥರ ಸತ್ತರಾ? ಇಲ್ಲ. ಬೊಂಬಾಯಿಯಲ್ಲಿ ಯೂರೋಪಿಯನ್ನರು ಸಾವಿರಕ್ಕೆ ಸುಮಾರು 8 ಮಂದಿ ತೀರಿಕೊಂಡರೆ, 'ಕೆಳಜಾತಿ' ಅಂತ ಸರ್ಕಾರಿ ಲೆಕ್ಕದಲ್ಲಿ ಬರೆದವರು ಸಾವಿರಕ್ಕೆ ಸುಮಾರು 61. ವೈರಸ್ಸಿಗೆ ಜಾತಿ ಗೊತ್ತಿಲ್ಲ. ಆದರೆ ಗಾಳಿಯಾಡದ ಚಾಳಿನ ಒಂದೇ ಖೋಲಿಯಲ್ಲಿ ಇಡೀ ಸಂಸಾರ ಮಲಗಬೇಕು, ಒಂದು ದಿನ ಕೆಲಸಕ್ಕೆ ಹೋಗದಿದ್ದರೆ ಒಲೆ ಹೊತ್ತೋದಿಲ್ಲ. ವ್ಯತ್ಯಾಸ ಇರೋದು ಅಲ್ಲಿ. ನಮ್ಮ ಕ್ಯಾಂಟೀನ್ ಹುಡುಗ ಕೇಳಿದ ಪ್ರಶ್ನೆಗೆ ತೊಂಬತ್ತು ವರ್ಷ ವಯಸ್ಸಾಗಿತ್ತು.

ಹಾಗಾದರೆ ಕೆಲಸಕ್ಕೆ ಬಂದಿದ್ದು ಏನು? 1897ರ ಪ್ಲೇಗಿನಲ್ಲಿ ಸೋಲ್ಜರುಗಳು ಮನೆ ನುಗ್ಗಿ ರೋಗಿಗಳನ್ನ ಎಳೆದೊಯ್ದದ್ದು ಪುಣೆಯ ಜನ ಮರೆತಿರಲಿಲ್ಲ. ಆ ಕಡೆಯವರಿಗೆಲ್ಲ ಸರ್ಕಾರಿ ಆಸ್ಪತ್ರೆ ಅಂದರೆ ಭಯ. ಅದಕ್ಕೇ 1918ರಲ್ಲಿ ಬೊಂಬಾಯಿಯ ಸೋಷಿಯಲ್ ಸರ್ವಿಸ್ ಲೀಗಿನಂಥ ಸಂಸ್ಥೆಗಳು, ಬೇರೆ ಬೇರೆ ಸಮುದಾಯದ ಸಂಘಗಳು ರೋಗಿ ಬರಲಿ ಅಂತ ಕಾಯಲಿಲ್ಲ. ಸ್ವಯಂಸೇವಕರು ಔಷಧಿ, ಹಾಲು ಹಿಡಿದು ತಾವೇ ಬಾಗಿಲಿಗೆ ಹೋದರು. ಜ್ವರವನ್ನು ಕೊಲ್ಲೋ ಮದ್ದು ಆಗ ಯಾರ ಹತ್ತಿರವೂ ಇರಲಿಲ್ಲ. ಆದರೆ ಮನೆಮಂದಿಯೆಲ್ಲ ಮಲಗಿದಾಗ ಗಂಜಿ ಕಾಯಿಸಿ ಕೊಡೋರು, ನೀರು ಕುಡಿಸೋರು ಇದ್ದರೆ ಜೀವ ಉಳಿಯೋ ಸಾಧ್ಯತೆ ಹೆಚ್ಚು. ಸೋತದ್ದು ಒಂದೇ ವಿಷಯದಲ್ಲಿ: ಈ ಓಡಾಟ ಜೋರಾಗಿದ್ದು ಹೆಣ ಬೀಳೋಕೆ ಶುರುವಾದ ಮೇಲೆ. ಬಿಡುವು ಸಿಕ್ಕಿದ್ದ ಆಗಸ್ಟ್ ತಿಂಗಳಲ್ಲಿ ಅಲ್ಲ.

2020ರಲ್ಲಿ ನಮ್ಮ ವಿಪಿಎನ್‌ಗಳು ಚೆನ್ನಾಗೇ ನಡೆದವು. ದಿನಗೂಲಿಯವರು ಹೆದ್ದಾರಿಯಲ್ಲಿ ನಡೆದರು. ಆ ವರ್ಷದ ಕೊನೆಗೆ ಒಂದು ಬಿಡುವು ಸಿಕ್ಕಿತು, ನಾವು ಮದುವೆ, ಜಾತ್ರೆ ಅಂತ ಕಳೆದ್ವಿ. 2021ರ ಏಪ್ರಿಲ್ ಹೇಗಿತ್ತು ಅಂತ ನಾನು ಹೇಳಬೇಕಾಗಿಲ್ಲ.

ಇನ್‌ಫ್ಲುಯೆಂಜಾ ವೈರಸ್ ರೂಪ ಬದಲಿಸ್ತಾನೇ ಇರುತ್ತೆ. ಅದಕ್ಕೇ ಫ್ಲೂ ಲಸಿಕೆಯನ್ನೂ ವರ್ಷ ವರ್ಷ ಬದಲಿಸ್ತಾರೆ. ಇನ್ನೊಂದು ಮಹಾಜ್ವರ ಬರುತ್ತಾ ಅಂದರೆ ಬರುತ್ತೆ, ಯಾವಾಗ ಅನ್ನೋದಷ್ಟೇ ಪ್ರಶ್ನೆ. ಈಗಿರೋದೂ ಒಂದು ಬಿಡುವೇ.

ಆಫೀಸಿನಲ್ಲಿ ಪ್ಲಾನ್ ಬರೆಯೋ ಕೆಲಸ ನಿಮ್ಮ ಪಾಲಿಗೆ ಬಂದರೆ, ಮೊದಲ ಪುಟದಲ್ಲಿ ಸರ್ವರ್ ಬೇಡ. ಗುತ್ತಿಗೆ ನೌಕರರಿಗೆ ಜ್ವರ ಬಂದರೆ ಸಂಬಳದ ರಜೆ ಇದೆಯಾ ಅಂತ ಬರೀರಿ. ಯಾಕಂದ್ರೆ ಅವರು ಜ್ವರದಲ್ಲೇ ಕೆಲಸಕ್ಕೆ ಬಂದರೆ ನಿಮ್ಮ ಉಳಿದ ಹದಿಮೂರು ಪುಟವೂ ವ್ಯರ್ಥ. ಇನ್ನು ಕನ್ನಡ ಸಂಘದವರಿಗೆ ಒಂದು ಮಾತು. ರಾಜ್ಯೋತ್ಸವದ ಊಟಕ್ಕೆ ಹೆಸರಿನ ಪಟ್ಟಿ ಮಾಡ್ತೀವಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಸಾಕು: ಯಾರು ಪಿಜಿಯಲ್ಲಿ ಒಬ್ಬರೇ ಇದ್ದಾರೆ, ಯಾರ ಮನೇಲಿ ವಯಸ್ಸಾದ ತಂದೆ ತಾಯಿ ಇದ್ದಾರೆ, ಜ್ವರ ಬಂದು ಮಲಗಿದರೆ ಅವರ ಬಾಗಿಲಿಗೆ ಗಂಜಿ ತರೋರು ಯಾರು.

ಆ ಹದಿನಾಲ್ಕು ಪುಟದ ಫೈಲು ಇವತ್ತಿಗೂ ನನ್ನ ಹಳೇ ಹಾರ್ಡ್ ಡಿಸ್ಕಿನಲ್ಲಿದೆ. ಆ ಹುಡುಗ ಹುಷಾರಾಗಿ ವಾಪಸ್ ಬಂದ. ಅವನ ಆ ದಿನಗಳ ಪಗಾರ ಮಾತ್ರ ಯಾರೂ ಕೊಡಲಿಲ್ಲ. ಕೇಳಬೇಕು ಅಂತ ನನಗೂ ಹೊಳೀಲಿಲ್ಲ.