ಬರೆದು ತೋರಿಸಿದವರ ಭಾಷೆ

2016ರ ಆಗಸ್ಟ್ ಮೊದಲ ವಾರ ಚಂಡೀಗಢದ ಬಳಿ ಭಾರತದ ವಿಕಿಪೀಡಿಯನ್ನರ ಸಮ್ಮೇಳನ ನಡೆಯಿತು. ವಿಕಿಮೀಡಿಯ ಫೌಂಡೇಶನ್ನಿನ ಆಗಿನ ಮುಖ್ಯಸ್ಥೆ ಕ್ಯಾಥರೀನ್ ಮಹರ್ ಅಲ್ಲಿ ತುಳು ವಿಕಿಪೀಡಿಯ ಆರಂಭವಾದ ಸುದ್ದಿ ಪ್ರಕಟಿಸಿದರು. ಭಾರತದ ಭಾಷೆಗಳ ಸಾಲಿನಲ್ಲಿ ಅದು 23ನೆಯ ವಿಕಿಪೀಡಿಯ. ಸುದ್ದಿ ಬೆಳ್ತಂಗಡಿಗೆ ತಲುಪಿದ ದಿನ ನಮ್ಮ ಓಣಿಯ ಹುಡುಗರು ಮನೆಗೆ ಬಂದು ಕೈ ಕುಲುಕಿದರು. ಕಾಲೇಜಿನಲ್ಲಿ ಬದುಕಿಡೀ ಕನ್ನಡ ಪಾಠ ಮಾಡಿದ ನನಗೆ ತಾಯಿನುಡಿ ತುಳು. ಆ ಯೋಜನೆಯಲ್ಲಿ ಬರೆದ ಹಲವರಲ್ಲಿ ನಾನೂ ಒಬ್ಬಳು.

ಹಾಗಾದರೆ ತುಳುವಿಗೆ ಈ ಮನ್ನಣೆ ಕೊಟ್ಟವರು ಯಾರು? ಸರ್ಕಾರವಲ್ಲ, ವಿಶ್ವವಿದ್ಯಾಲಯವೂ ಅಲ್ಲ. ಬೇರೆ ಬೇರೆ ದೇಶಗಳಲ್ಲಿ ಕೂತು, ಸಂಬಳವಿಲ್ಲದೆ ಕೆಲಸ ಮಾಡುವ ಕೆಲವೇ ಜನರ ಒಂದು ಭಾಷಾ ಸಮಿತಿ. 2011ರ ಜನಗಣತಿಯ ಪ್ರಕಾರ ತುಳುವನ್ನು ತಾಯಿನುಡಿಯೆಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು. ಆದರೂ ಸಂವಿಧಾನದ ಎಂಟನೆಯ ಪರಿಚ್ಛೇದದ ಬಾಗಿಲು ಅದಕ್ಕೆ ತೆರೆದಿಲ್ಲ. ಮನವಿ, ನಿಯೋಗ, ಠರಾವುಗಳು ನಡೆದೇ ಇವೆ. ಇತ್ತ ಈ ಸ್ವಯಂಸೇವಕರ ಸಮಿತಿ ನಮ್ಮಿಂದ ಮನವಿಪತ್ರವನ್ನಷ್ಟೇ ಕೇಳಿ ಸುಮ್ಮನಾಗಲಿಲ್ಲ. ಬರೆದು ತೋರಿಸಿ ಎಂದಿತು. ಆ ಮಾತಿನ ಹಿಂದಿನ ಚರಿತ್ರೆ ನಮ್ಮ ನಾಡಿನ ಸಣ್ಣ ಭಾಷೆಗಳವರಿಗೆಲ್ಲ ತಿಳಿದಿರಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ವಿಕಿಪೀಡಿಯ ಇಂಗ್ಲಿಷಿನಲ್ಲಿ ಶುರುವಾದದ್ದು 2001ರ ಜನವರಿ 15ರಂದು. ಕೆಲವೇ ತಿಂಗಳಲ್ಲಿ ಜರ್ಮನ್, ಕೆಟಲಾನ್, ಫ್ರೆಂಚ್ ಆವೃತ್ತಿಗಳು ಬಂದವು. ಕನ್ನಡದ್ದು 2003ರ ಜೂನ್‌ನಲ್ಲಿ ತೆರೆಯಿತು. ಕನ್ನಡಕ್ಕೆ ಆಗ ಯಾರೂ ಪರೀಕ್ಷೆ ಇಡಲಿಲ್ಲ. ಆ ಕಾಲದಲ್ಲಿ ಆವೃತ್ತಿಗಳನ್ನು ಧಾರಾಳವಾಗಿ ತೆರೆದುಕೊಡುತ್ತಿದ್ದರು, ಬರೆಯುವವರು ಆಮೇಲೆ ಬಂದಾರು ಎಂಬ ನಂಬಿಕೆಯ ಮೇಲೆ. ಕನ್ನಡಕ್ಕೆ ಬರೆಯುವವರು ಬಂದರು. ಎಷ್ಟೋ ಭಾಷೆಗಳಿಗೆ ಬರಲಿಲ್ಲ. ಹೆಸರಿಗೊಂದು ಮುಖಪುಟ, ಅದರ ಹಿಂದೆ ನಾಲ್ಕಾರು ಸಾಲು, ಅವುಗಳ ಮೇಲೆ ಯಾರೋ ಸುರಿದ ಜಾಹೀರಾತು. ಇಷ್ಟೇ ಆಗಿ ಉಳಿದ ಆವೃತ್ತಿಗಳು ಬಹಳ.

ಕೋರಿಕೆಗಳು ಹೆಚ್ಚಿದಂತೆ ಮತದಾನ ಬಂತು. ಹೊಸ ಭಾಷೆ ಬೇಕು ಎನ್ನುವವರು ಒಂದು ಕಡೆ, ಬೇಡ ಎನ್ನುವವರು ಇನ್ನೊಂದು ಕಡೆ ಸಹಿ ಹಾಕುವುದು. ನೋಡಲು ಇದಕ್ಕಿಂತ ನ್ಯಾಯವಾದ ಕ್ರಮವಿಲ್ಲ ಎನಿಸುತ್ತದೆ. ಆದರೆ ಸಹಿ ಹಾಕುವವರಿಗೆ ಆ ಭಾಷೆ ಬರಬೇಕೆಂದೇನೂ ಇರಲಿಲ್ಲ. ಸ್ನೇಹಕ್ಕೆ ಹಾಕಿದ ಮತ, ರಾಜಕೀಯಕ್ಕೆ ಹಾಕಿದ ಮತ, ಕುತೂಹಲಕ್ಕೆ ಹಾಕಿದ ಮತ ಎಲ್ಲವೂ ಒಂದೇ ತೂಕ ಪಡೆದವು. ಆ ಮೊದಲ ವರ್ಷಗಳಲ್ಲಿ ಅಮೆರಿಕದ ಟಿವಿ ಧಾರಾವಾಹಿ, ಸಿನಿಮಾಗಳಿಗೆಂದು ಕಟ್ಟಿದ ಕ್ಲಿಂಗನ್ ಭಾಷೆಗೂ ಒಂದು ವಿಕಿಪೀಡಿಯ ಸಿಕ್ಕಿತ್ತು. 2005ರಲ್ಲಿ ಅದಕ್ಕೆ ಬೀಗ ಹಾಕಿದರು. 2006ರಲ್ಲಿ ಬೆಂಬಲಿಗರ ಮತಬಲದಿಂದ ‘ಸೈಬೀರಿಯನ್’ ಎಂಬ ಭಾಷೆಯ ವಿಕಿಪೀಡಿಯ ತೆರೆಯಿತು. ಅದು ರಷ್ಯಾದ ಕೆಲವು ಒಳನುಡಿಗಳ ಪದಗಳನ್ನು ಕೂಡಿಸಿ ಆಗಷ್ಟೇ ರೂಪಿಸಿದ ಭಾಷೆ, ಯಾವ ಮನೆಯಲ್ಲೂ ಆಡಿದ ಮಾತಲ್ಲ ಎಂಬುದು ದೊಡ್ಡ ಜಗಳಕ್ಕೆ ಕಾರಣವಾಯಿತು. 2007ರಲ್ಲಿ ಅದನ್ನೂ ಮುಚ್ಚಬೇಕಾಯಿತು.

ಕೈ ಎತ್ತಿಸಿ ಭಾಷೆಯನ್ನು ತೀರ್ಮಾನಿಸಲಾಗದು ಎಂಬುದು ಇಂಥ ಜಗಳಗಳ ಕಾಲದಲ್ಲೇ ಸ್ಪಷ್ಟವಾಗಿತ್ತು. 2006ರ ಕೊನೆಗೆ ಭಾಷಾ ಸಮಿತಿ ರೂಪುಗೊಂಡಿತು. ಭಾಷಾವಿಜ್ಞಾನ ಬಲ್ಲವರು, ಹಲವು ಭಾಷೆಗಳಲ್ಲಿ ಕೆಲಸ ಮಾಡಿದವರು, ತಂತ್ರಾಂಶದ ಅನುವಾದದಲ್ಲಿ ಪಳಗಿದವರು ಅದರಲ್ಲಿ ಸೇರಿಕೊಂಡರು. ಹೊಸ ಕ್ರಮದಲ್ಲಿ ಪರ ವಿರೋಧದ ಮಾತು ಯಾರು ಬೇಕಾದರೂ ಆಡಬಹುದು, ಆದರೆ ಆ ಮಾತುಗಳನ್ನು ಎಣಿಸುವುದಿಲ್ಲ. ಸಮಿತಿ ನೋಡುವುದು ಕೋರಿಕೆ ನಿಯಮಕ್ಕೆ ಹೊಂದುತ್ತದೆಯೇ ಎಂಬುದನ್ನು. ಸದಸ್ಯರೊಳಗೆ ಯಾರ ಆಕ್ಷೇಪವೂ ಇಲ್ಲದಿದ್ದರೆ ಕೋರಿಕೆ ಮುಂದಕ್ಕೆ ಹೋಗುತ್ತದೆ.

ಮೊದಲ ನಿಯಮ, ಭಾಷೆಗೆ ಅಂತರರಾಷ್ಟ್ರೀಯ ಸಂಕೇತ ಇರಬೇಕು. ಐಎಸ್‌ಒ 639 ಎಂಬ ಮಾನದಂಡದಲ್ಲಿ ಪ್ರಪಂಚದ ಸಾವಿರಾರು ಭಾಷೆಗಳಿಗೆ ಮೂರಕ್ಷರದ ಗುರುತುಗಳಿವೆ. ತುಳುವಿನದ್ದು ಟಿಸಿವೈ. ಎರಡನೆಯದು, ಈಗಾಗಲೇ ಇರುವ ಆವೃತ್ತಿಯಲ್ಲಿ ಸೇರಿಕೊಳ್ಳಲಾರದಷ್ಟು ಅದು ಬೇರೆಯಾಗಿರಬೇಕು. ಬ್ರೆಜಿಲಿನ ಪೋರ್ಚುಗೀಸಿಗೆ ಪ್ರತ್ಯೇಕ ವಿಕಿಪೀಡಿಯ ಕೇಳಿದವರಿಗೆ ಈ ಕಾರಣದಿಂದಲೇ ಇಲ್ಲ ಎಂದರು. ಮೂರನೆಯದು, ಆ ಭಾಷೆಯಲ್ಲಿ ಬದುಕುವ ಜನ ಇರಬೇಕು. ಪ್ರಾಚೀನ ಗ್ರೀಕ್‌ನಲ್ಲಿ ವಿಕಿಪೀಡಿಯ ಬೇಕೆಂಬ ಕೋರಿಕೆ ಮತ್ತೆ ಮತ್ತೆ ಬಂದರೂ ತಿರಸ್ಕಾರವಾಯಿತು. ಲ್ಯಾಟಿನ್, ಪಾಳಿ ಭಾಷೆಗಳ ಆವೃತ್ತಿಗಳು ಉಳಿದಿರುವುದು ಈ ನಿಯಮಕ್ಕೆ ಮೊದಲೇ ಹುಟ್ಟಿದ್ದರಿಂದ.

ಈ ಮೂರನ್ನು ದಾಟಿದ ಭಾಷೆ ‘ಅರ್ಹ’ ಎನಿಸಿಕೊಳ್ಳುತ್ತದೆ. ಅಷ್ಟಕ್ಕೇ ಆವೃತ್ತಿ ಸಿಗುವುದಿಲ್ಲ. ನಿಜವಾದ ದುಡಿಮೆ ಅಲ್ಲಿಂದಾಚೆ, ಇನ್‌ಕ್ಯುಬೇಟರ್ ಎಂಬ ತಾಣದಲ್ಲಿ. ಹೊಸ ಭಾಷೆಗಳವರು ತಮ್ಮ ಲೇಖನಗಳನ್ನು ಪ್ರಯೋಗಕ್ಕೆಂದು ಬರೆದಿಡುವ ಜಾಗ ಅದು. ನಟ್ಟಿಗೆ ಮೊದಲು ನೇಜಿ ಹಾಕುವ ಸಸಿಮಡಿಯ ಹಾಗೆ. ಅಲ್ಲಿ ಚಿಗುರಿದ್ದನ್ನಷ್ಟೇ ಗದ್ದೆಗೆ ಒಯ್ಯುತ್ತಾರೆ. ತುಳುವಿನ ಲೇಖನಗಳು ಅಲ್ಲಿ ಸುಮಾರು ಎಂಟು ವರ್ಷ ಇದ್ದವು.

ಅದರಲ್ಲಿ ಮೊದಲ ವರ್ಷಗಳು ನಿಧಾನವಾಗಿ ಸಾಗಿದವು. ಉತ್ಸಾಹಿಯೊಬ್ಬರು ಬಂದು ಬರೆಯುವುದು, ಜೊತೆಯಿಲ್ಲದೆ ಬಿಟ್ಟುಹೋಗುವುದು. ವೇಗ ಬಂದದ್ದು ಕರಾವಳಿಯಲ್ಲಿ ಕಾರ್ಯಾಗಾರಗಳು, ಸಂಪಾದನೋತ್ಸವಗಳು ನಡೆಯತೊಡಗಿದ ಮೇಲೆ. ಡಾ. ಯು.ಬಿ. ಪವನಜರಂಥವರು ಊರಿಂದೂರಿಗೆ ಬಂದು ಕಲಿಸಿದರು. ನಾನು ಕಲಿತದ್ದು ಮಂಗಳೂರಿನ ಕಾಲೇಜೊಂದರ ಕಂಪ್ಯೂಟರ್ ಕೊಠಡಿಯಲ್ಲಿ, ನನ್ನ ಶಿಷ್ಯರ ಶಿಷ್ಯರಾಗಬಹುದಾದ ಮಕ್ಕಳ ನಡುವೆ ಕೂತು. ಪಕ್ಕದಲ್ಲಿದ್ದ ಹುಡುಗಿ ಮೂಡೆಯ ಬಗ್ಗೆ ಬರೆಯುತ್ತಿದ್ದಳು. ಮುಂಡೇವಿನ ಓಲೆಯ ಮುಳ್ಳು ತೆಗೆದು, ಬೆಂಕಿಗೆ ಹಿಡಿದು ಬಾಡಿಸಿ, ಸುರುಳಿ ಕಟ್ಟಿ ಹಿಟ್ಟು ಹೊಯ್ಯುವುದನ್ನು ಅಜ್ಜಿಗೆ ಫೋನ್ ಮಾಡಿ ಕೇಳಿ ಕೇಳಿ ಟೈಪ್ ಮಾಡಿದಳು. ನಡುವೆ ನನ್ನತ್ತ ತಿರುಗಿ, “ಟೀಚರ್, ಇದನ್ನು ಯಾರು ಓದುತ್ತಾರೆ?” ಎಂದಳು. “ನಿನ್ನ ಅಜ್ಜಿಯ ಹೇಳಿಕೆ ಈವರೆಗೆ ಯಾವ ಪುಸ್ತಕದಲ್ಲಿತ್ತು ಹೇಳು, ಮಗಾ” ಎಂದೆ. ಅವಳು ಮತ್ತೆ ಫೋನ್ ಎತ್ತಿಕೊಂಡಳು.

ನಾನು ಹಿಡಿದದ್ದು ಬೇಸಾಯವನ್ನು. ಏಣೆಲ್, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳು, ನೀರಿನ ಆಸರೆ ನೋಡಿ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ ಗದ್ದೆಗಳು, ನಟ್ಟಿಯ ಹೊತ್ತಿನ ಹಾಡುಗಳು, ಆಟಿ ಅಮಾವಾಸ್ಯೆಯ ಬೆಳಗಿನ ಜಾವ ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಮಾಡುವ ಕಷಾಯ. ಇವೆಲ್ಲ ಗೊತ್ತಿರುವ ವಿಷಯ, ಬರೆಯುವುದು ಸುಲಭ ಎಂದು ಯಾರಿಗಾದರೂ ಅನಿಸಬಹುದು. ಆದರೆ ವಿಶ್ವಕೋಶದಲ್ಲಿ ಪ್ರತಿ ಮಾತಿಗೂ ಆಧಾರ ಬೇಕು. ಅಲ್ಲಿ ಕೈಹಿಡಿದದ್ದು ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟು. ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಹಳ್ಳಿ ಹಳ್ಳಿ ಸುತ್ತಿ ಪದ ಕೂಡಿಹಾಕಿದವರ ಶ್ರಮ ಇಲ್ಲದಿದ್ದರೆ ನಮ್ಮ ಲೇಖನಗಳಿಗೆ ನೆಲವೇ ಇರುತ್ತಿರಲಿಲ್ಲ. ಅದಕ್ಕೂ ಹಿಂದೆ 1886ರಲ್ಲಿ ಬಾಸೆಲ್ ಮಿಶನ್ನಿನ ಮ್ಯಾನರ್ ಪ್ರಕಟಿಸಿದ ತುಳು-ಇಂಗ್ಲಿಷ್ ನಿಘಂಟೂ ಇತ್ತು.

ಲೇಖನ ಒಂದು ಕಡೆ. ಇನ್ನೊಂದು ಕಡೆ ತಾಣದ ಗುಂಡಿಗಳು, ಸೂಚನೆಗಳು, ಎಚ್ಚರಿಕೆಯ ಮಾತುಗಳು ಆ ಭಾಷೆಯಲ್ಲೇ ಇರಬೇಕೆಂಬುದು ಸಮಿತಿಯ ನಿಯಮ. ಹೆಚ್ಚು ಬಳಕೆಯಾಗುವ ಸುಮಾರು 500 ಸಂದೇಶಗಳನ್ನು ಮೊದಲು ಅನುವಾದಿಸಬೇಕು. ಪಾಡ್ದನದ ಹಾಡಿಗೆ, ಭೂತಕೋಲಕ್ಕೆ, ಗದ್ದೆಗೆ ಬೇಕಾದ ಮಾತೆಲ್ಲ ತುಂಬಿರುವ ತುಳುವಿನಲ್ಲಿ ‘ಕಡತ’, ‘ಬದಲಾವಣೆ ಉಳಿಸಿ’ ಎಂಬ ಕಚೇರಿ ಮಾತುಗಳಿಗೆ ರೂಢಿ ಇರಲಿಲ್ಲ. ತುಳುವಿನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವೂ ಇಲ್ಲ. ಕಾಸರಗೋಡಿನವರದ್ದೊಂದು ಉಚ್ಚಾರ, ಉಡುಪಿಯವರದ್ದೊಂದು. ಕೂತು ಮಾತಾಡಿ ಒಂದೊಂದನ್ನೇ ಒಪ್ಪಿಕೊಂಡು ಮುಂದೆ ಹೋಗಬೇಕಾಯಿತು.

ಎಲ್ಲಕ್ಕಿಂತ ಕಠಿಣವಾದದ್ದು ನಿರಂತರತೆಯ ನಿಯಮ. ಕನಿಷ್ಠ ಮೂವರು, ಒಬ್ಬೊಬ್ಬರೂ ತಿಂಗಳಿಗೆ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಂಪಾದನೆ, ಅದೂ ಬಿಡದೆ ಹಲವು ತಿಂಗಳು. ಹೊರಗಿನವರಿಗೆ ಇದು ಸಣ್ಣ ಲೆಕ್ಕವಾಗಿ ಕಾಣಬಹುದು. ಪರೀಕ್ಷೆ ಬಂದರೆ ವಿದ್ಯಾರ್ಥಿಗಳು ಮಾಯ. ಆಟಿಯ ಮಳೆಗೆ ಮರ ಬಿದ್ದು ತಂತಿ ಕಡಿದರೆ ನಮ್ಮ ಕಡೆ ಕರೆಂಟ್ ಇಲ್ಲ. ಮದುವೆ ಮುಂಜಿಯ ಕಾಲದಲ್ಲಿ ಮನೆಯ ಹೆಂಗಸರಿಗೆ ಪುರುಸೊತ್ತಿಲ್ಲ. ತಿಂಗಳ ಕೊನೆಗೆ ಒಬ್ಬರಿಗೊಬ್ಬರು ಫೋನ್ ಮಾಡಿ ನೆನಪಿಸುತ್ತಿದ್ದೆವು. ಕಾರ್ಯಾಗಾರದ ಒಂದು ದಿನದ ಅಬ್ಬರವನ್ನು ಸಮಿತಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮರುತಿಂಗಳೂ ಇದ್ದಾರೆಯೇ ಎಂದು ನೋಡುತ್ತದೆ. ಈ ನಿಯಮ ಸರಿ ಎಂದೇ ನಾನು ಹೇಳುತ್ತೇನೆ. ತುಳು ಗುಂಪನ್ನು ಗುಂಪಾಗಿ ಮಾಡಿದ್ದೇ ಅದು.

ಕೊನೆಯ ಹಂತದಲ್ಲಿ, ಯೋಜನೆಗೆ ಸಂಬಂಧವಿಲ್ಲದ ಭಾಷಾತಜ್ಞರೊಬ್ಬರಿಗೆ ಬರಹಗಳನ್ನು ತೋರಿಸಿ, ಇದು ನಿಜವಾಗಿಯೂ ಆ ಭಾಷೆಯೇ, ಓದುವಂತಿದೆಯೇ ಎಂದು ಕೇಳುತ್ತಾರೆ. ಇದೇಕೆ ಬೇಕು ಎನ್ನುವವರು ಸ್ಕಾಟ್ಸ್ ವಿಕಿಪೀಡಿಯದ ಕಥೆ ನೋಡಬೇಕು. ಸಮಿತಿಗೂ ಮೊದಲು ಹುಟ್ಟಿದ ಆ ಆವೃತ್ತಿಯಲ್ಲಿ ಸಾವಿರಾರು ಲೇಖನಗಳನ್ನು ಬರೆದದ್ದು ಸ್ಕಾಟ್ಸ್ ಬಾರದ ಅಮೆರಿಕದ ಹದಿಹರೆಯದವನೊಬ್ಬ ಎಂದು 2020ರಲ್ಲಿ ಬೆಳಕಿಗೆ ಬಂತು. ಇಂಗ್ಲಿಷ್ ವಾಕ್ಯದಲ್ಲಿ ಅಲ್ಲೊಂದು ಇಲ್ಲೊಂದು ಪದ ಬದಲಿಸಿದ್ದನ್ನು ಜಗತ್ತು ಸ್ಕಾಟ್ಸ್ ಎಂದು ನಂಬಿತ್ತು. ಗ್ರೀನ್‌ಲ್ಯಾಂಡಿನ ಭಾಷೆಯ ವಿಕಿಪೀಡಿಯ ಇನ್ನೂ ಹತ್ತಿರದ ಪಾಠ. ಆ ಭಾಷೆ ಬಲ್ಲ ಸಂಪಾದಕರಿಲ್ಲದೆ, ಯಂತ್ರ ಅನುವಾದಿಸಿದ ಅರ್ಥಹೀನ ವಾಕ್ಯಗಳು ತುಂಬಿಕೊಂಡದ್ದರಿಂದ 2025ರಲ್ಲಿ ಅದನ್ನು ಮುಚ್ಚಲು ಇದೇ ಭಾಷಾ ಸಮಿತಿ ತೀರ್ಮಾನಿಸಿತು. ತೆರೆಯುವಷ್ಟೇ ಗಂಭೀರವಾಗಿ ಮುಚ್ಚುವ ಹೊಣೆಯನ್ನೂ ಅದು ಹೊತ್ತಿದೆ.

ಲಿಪಿಯ ವಿಷಯಕ್ಕೆ ಬಂದರೆ ನಮ್ಮ ನೆರೆಯ ಕೊಂಕಣಿ ನೆನಪಾಗುತ್ತದೆ. 2015ರಲ್ಲಿ ಅದರ ವಿಕಿಪೀಡಿಯ ಹೊರಬಂತು. ದೇವನಾಗರಿ, ರೋಮನ್, ಕನ್ನಡ ಈ ಮೂರೂ ಲಿಪಿಗಳ ಬರಹ ಅಲ್ಲಿ ಒಂದೇ ಸೂರಿನಡಿ ಇದೆ. ಬೆಲರೂಸಿನವರಿಗೆ ಈ ಹೊಂದಾಣಿಕೆ ಆಗಲಿಲ್ಲ. ಒಂದೇ ಭಾಷೆಯ ಎರಡು ಕಾಗುಣಿತ ಪದ್ಧತಿಗಳ ಜಗಳ 2007ರಲ್ಲಿ ಎರಡು ವಿಕಿಪೀಡಿಯಗಳಲ್ಲಿ ಮುಗಿಯಿತು. ತುಳುವಿಗೆ ಕನ್ನಡ ಲಿಪಿಯನ್ನೇ ಬಳಸಿದೆವು. ಓದಬಲ್ಲವರು ಇದ್ದದ್ದು ಅದರಲ್ಲೇ. ತುಳು-ತಿಗಳಾರಿ ಲಿಪಿ ಯುನಿಕೋಡ್ ಸೇರಿದ್ದು 2024ರಲ್ಲಿ. ಅದಕ್ಕಾಗಿ ಕಾಯುತ್ತಾ ಕೂತಿದ್ದರೆ ಸಾವಿರಕ್ಕೂ ಹೆಚ್ಚು ಲೇಖನಗಳು ಹುಟ್ಟುತ್ತಲೇ ಇರಲಿಲ್ಲ.

ಈ ವ್ಯವಸ್ಥೆಯಲ್ಲಿ ಕೊರತೆ ಇಲ್ಲವೆಂದಲ್ಲ. ಬರೆದು ತೋರಿಸಿ ಎಂಬ ಮಾತು ಶಾಲೆ ಕಂಡವರಿಗೆ, ಕಂಪ್ಯೂಟರ್ ಮುಟ್ಟಿದವರಿಗೆ ಹೇಳಿದ ಮಾತು. ನಮ್ಮದೇ ಕರಾವಳಿಯ ಕೊರಗರ ಭಾಷೆ ಶತಮಾನಗಳಿಂದ ಬಾಯಿಂದ ಬಾಯಿಗೆ ಸಾಗಿ ಬಂದದ್ದು. ಅದರ ಪಾಲಿಗೆ ತಿಂಗಳಿಗೆ ಹತ್ತು ಸಂಪಾದನೆಯ ನಿಯಮ ಬಹಳ ಎತ್ತರದ ಹೊಸ್ತಿಲು. ಧ್ವನಿ ಮುದ್ರಣ, ಹಾಡು, ಹೇಳಿಕೆಗಳನ್ನೂ ದುಡಿಮೆಯೆಂದು ಎಣಿಸುವ ದಾರಿಯನ್ನು ಸಮಿತಿ ಹುಡುಕಬೇಕು. ಹಾಗೆಯೇ ಸಂಕೇತವಿಲ್ಲದ ನುಡಿಗಳವರು ಮೊದಲು ಅದಕ್ಕಾಗಿಯೇ ಅರ್ಜಿ ಹಾಕಿ ಕಾಯಬೇಕು. ಇದೂ ಸಣ್ಣ ತೊಡಕಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ತೀರ್ಪು ಸಮಿತಿಯ ಪರವಾಗಿಯೇ ಇದೆ. ಎಷ್ಟು ಲಕ್ಷ ಜನ, ಯಾವ ಪಕ್ಷದ ಬೆಂಬಲ, ಯಾವ ರಾಜ್ಯದ ಭಾಷೆ ಎಂದು ಅದು ಕೇಳಲಿಲ್ಲ. ಭಾಷೆಯನ್ನು ದಿನವೂ ಬಳಸಿ ಬರೆಯುವ ಕೈಗಳಿವೆಯೇ ಎಂದಷ್ಟೇ ಕೇಳಿತು. ಕೊಡವ, ಬ್ಯಾರಿ, ಲಂಬಾಣಿ, ಬಡಗ ನುಡಿಗಳನ್ನು ಮನೆಯಲ್ಲಿ ಆಡುವ ಓದುಗರೇ, ನಿಮ್ಮ ಭಾಷೆಗೆ ಮನ್ನಣೆ ಕೇಳುವ ಮನವಿಗಳಿಗೆ ಸಹಿ ಹಾಕಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು ಕೂತು, ನಿಮ್ಮ ಊರಿನ ಒಂದು ಅಡುಗೆಯ ಬಗ್ಗೆ, ಒಂದು ಮರದ ಬಗ್ಗೆ, ಒಂದು ಹಬ್ಬದ ಬಗ್ಗೆ ನಿಮ್ಮ ಭಾಷೆಯಲ್ಲೇ ಈ ತಿಂಗಳೇ ಬರೆಯಲು ತೊಡಗಿ. ಮುಂದಿನ ತಿಂಗಳೂ ಬಿಡಬೇಡಿ.