ಏರಿಗೆ ಕೈ ಹಾಕಿ, ಅಂಚಿಗಲ್ಲ

ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ನಾವು ನಿಂತು ದೆಹಲಿ ಹಪ್ಪಳ ತಿನ್ನುವ ಜಾಗ ಒಂದು ಕಾಲಕ್ಕೆ ದೊಡ್ಡಕೆರೆ. ದಸರೆಯ ಹೊತ್ತಿಗೆ ಜೋರು ಮಳೆ ಬಂದರೆ ನೀರು ಇಂದಿಗೂ ಅಲ್ಲೇ ಬಂದು ನಿಲ್ಲುತ್ತದೆ. ಜೀವರಾಯನಕಟ್ಟೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಸುಬ್ಬರಾಯನಕೆರೆ ಸ್ವಾತಂತ್ರ್ಯ ಚಳವಳಿಯ ಸಭೆಗಳ ಬಯಲಾಯಿತು. ದಿವಾನ್ ಪೂರ್ಣಯ್ಯನವರು ಕಾವೇರಿ ನೀರು ತರಲೆಂದು ತೋಡಿಸಿದ ನಾಲೆಯನ್ನು ಮುಚ್ಚಿದ ಮೇಲೆ ಅಲ್ಲಿ ಸಯ್ಯಾಜಿರಾವ್ ರಸ್ತೆ ಬಂತು.

ಕೆರೆ ರಿಪೇರಿಯೇ ನನ್ನ ಕಸುಬಾಗಿತ್ತು, ಈಗ ನಿವೃತ್ತ. ಏರಿ ಒಡೆದ ಕೆರೆಯನ್ನು ಒಂದೇ ಬೇಸಿಗೆಯಲ್ಲಿ ಸರಿಮಾಡಬಹುದು. ಅಂಗಳ ಕಳೆದುಕೊಂಡ ಕೆರೆಗೆ ನಮ್ಮಲ್ಲಿ ಮದ್ದಿಲ್ಲ.

ಉಳಿದ ಕೆರೆಗಳಲ್ಲಿ ಕುಕ್ಕರಹಳ್ಳಿ ಮುಖ್ಯ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಊರಾಚೆಯ ಗದ್ದೆಗಳಿಗೆಂದು ಕಟ್ಟಿದ್ದು. ನೀರು ತರುತ್ತಿದ್ದದ್ದು ಹಿನಕಲ್ ಕಡೆಯಿಂದ ಬರುವ, ಸುಮಾರು 27 ಕಿ.ಮೀ. ಉದ್ದದ ಪೂರ್ಣಯ್ಯ ಕಾಲುವೆ. ಆ ಕಾಲುವೆಯ ಬಹುಪಾಲನ್ನು ಬಡಾವಣೆಗಳು ನುಂಗಿವೆ. ಇಂಥ ಕೆರೆಗಳ ಏರಿ ಕಟ್ಟಿದ ಜನರ ಕೆಲಸ ಎಷ್ಟು ಎಚ್ಚರದ್ದು ಎಂಬುದನ್ನು ನಾನು ಕಲಿತದ್ದು ಒಬ್ಬ ಮುದುಕ ಮೇಸ್ತ್ರಿಯಿಂದ. ಜೇಡಿಮಣ್ಣನ್ನು ಅಂಗೈಯಲ್ಲಿ ನಾದಿ, ಬೆರಳುಗಾತ್ರ ಹೊಸೆದು, ಬಳೆಯಂತೆ ಬಗ್ಗಿಸುತ್ತಿದ್ದ. ಬಿರುಕು ಬಿಟ್ಟರೆ ಆ ಗಾಡಿ ಮಣ್ಣೆಲ್ಲ ವಾಪಸು. ಬಿಡದಿದ್ದರೆ ಏಡಿ ಬಿಲ, ಬೇರಿನ ಸಂದುಗಳನ್ನು ಬಗೆದು, ಗೇಣುಗೇಣು ಮಣ್ಣು ತುಂಬಿ, ನೀರು ಚಿಮುಕಿಸಿ, ದಿಮ್ಮಸಿನಲ್ಲಿ ಕುಟ್ಟಿಸುತ್ತಿದ್ದ. "ಏರಿ ಬುಡ ಕೆರೀಬ್ಯಾಡಿ ಸ್ವಾಮಿ, ಮಣ್ಣು ಬೇಕಾದ್ರೆ ನಡು ಅಂಗಳದಿಂದ ತನ್ನಿ" ಎನ್ನುತ್ತಿದ್ದ. ಹೂಳೆತ್ತುವುದೂ ಅಲ್ಲೇ. ಮಳೆನೀರು ಒಳಬರುವ ಕಡೆಯ ತೆಳುನೀರಿಗೆ, ಜೊಂಡಿಗೆ ಯಾರೂ ಗುದ್ದಲಿ ಹಾಕುತ್ತಿರಲಿಲ್ಲ. ಬಂದ ನೀರಿನ ರಭಸ ಜೊಂಡಿನಲ್ಲಿ ಮುರಿದು, ಮಣ್ಣು ಅಲ್ಲೇ ಇಳಿದು, ತಿಳಿನೀರು ಮುಂದಕ್ಕೆ ಹೋಗುತ್ತಿತ್ತು.

ಏರಿ, ಕೋಡಿ ಕೆಟ್ಟರೆ ಸರಿಮಾಡಬಹುದು ಎಂಬುದಕ್ಕೆ ಕಾರಂಜಿ ಕೆರೆಯ ಕಥೆ ಒಳ್ಳೆಯ ಸಾಕ್ಷಿ. ಚಾಮುಂಡಿ ಬೆಟ್ಟದ ತಪ್ಪಲಿನ ಮಳೆನೀರು ಕುಡಿದು ಬದುಕುವ ಕೆರೆ ಅದು. 1892ರಲ್ಲಿ ಶುರುವಾದ ಮೃಗಾಲಯದ ಪಕ್ಕಕ್ಕೇ ಇದೆ, ಮೃಗಾಲಯದ ಸುಪರ್ದಿಯಲ್ಲೇ ಇದೆ. ಒಂದು ಹಂತದಲ್ಲಿ ಕೋಡಿಯ ಗೋಡೆ ಸೋರಿ ನೀರು ನಿಲ್ಲದಾಯಿತು, ಚರಂಡಿ ನೀರೂ ಸೇರಿತು. ಈ ಶತಮಾನದ ಆರಂಭದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಸೋರಿಕೆ ನಿಲ್ಲಿಸಿ, ಕೊಳಚೆಯನ್ನು ಬೇರೆಡೆಗೆ ತಿರುಗಿಸಿದರು. ಕೆರೆ ಮತ್ತೆ ತುಂಬಿತು. ಅದರ ಒಟ್ಟು 90 ಹೆಕ್ಟೇರಿನಲ್ಲಿ ನೀರು ಹರಡುವುದು ಸುಮಾರು 55. ಮಿಕ್ಕ 35 ಹೆಕ್ಟೇರು ಅಂಚಿನ ನೆಲ. ನನ್ನ ದೃಷ್ಟಿಯಲ್ಲಿ ಕೆರೆಯ ಜೀವ ಇರುವುದೇ ಆ 35ರಲ್ಲಿ.

ಏಕೆಂದು ತಿಳಿಯಲು ಬಣ್ಣದ ಕೊಕ್ಕರೆಯನ್ನು ಹತ್ತು ನಿಮಿಷ ನೋಡಿದರೆ ಸಾಕು. ಅದು ಮೀನನ್ನು ಕಣ್ಣಿಂದ ಹುಡುಕುವುದಿಲ್ಲ. ಕೊಕ್ಕನ್ನು ಅರ್ಧ ತೆರೆದು ನೀರಲ್ಲಿ ಅದ್ದಿ, ಅತ್ತಿತ್ತ ಆಡಿಸುತ್ತ ನಡೆಯುತ್ತದೆ. ಮೀನು ತಾಗಿದೊಡನೆ ಕೊಕ್ಕು ಮುಚ್ಚುತ್ತದೆ. ಅದಕ್ಕೆ ಬೇಕಾದದ್ದು ಕಾಲೂರಿ ನಡೆಯುವಷ್ಟು ತೆಳ್ಳನೆಯ ನೀರು. ಹಿಟಾಚಿ ಇಳಿಸಿ ದಡವನ್ನು ನೆಟ್ಟಗೆ ಕೊರೆದು ಕಲ್ಲು ಕಟ್ಟಿಬಿಟ್ಟರೆ ಕೆರೆಯಲ್ಲಿ ಎಷ್ಟೇ ಮೀನಿದ್ದರೂ ಈ ಹಕ್ಕಿಗೆ ಉಪವಾಸ. ಹೆಜ್ಜಾರ್ಲೆಗೆ ಈಜಿ ಹಿಡಿಯುವ ದಾರಿಯಾದರೂ ಇದೆ.

ಇನ್ನೊಂದು ತೊಡಕು ನಮ್ಮ ಕೆಲಸದ ಕಾಲದ್ದೇ. ನೀರು ಇಳಿಯುವ ಬೇಸಿಗೆಯಲ್ಲೇ ಏರಿ ಕೆಲಸ ಮಾಡಬೇಕು. ಈ ಹಕ್ಕಿಗಳು ನಡುಗಡ್ಡೆಯ ಮರಗಳಲ್ಲಿ ಮರಿ ಸಾಕುವುದೂ ಆಗಲೇ. ಅದಕ್ಕೇ ತೂಬು ಪೂರಾ ತೆಗೆದು ಕೆರೆ ಬರಿದುಮಾಡುವುದನ್ನು ನಾನು ಒಪ್ಪುವುದಿಲ್ಲ. ನಡುಗಡ್ಡೆಯ ಸುತ್ತ ನೀರು ನಿಂತಿರಲೇಬೇಕು. ಇಲ್ಲದಿದ್ದರೆ ನಾಯಿ, ಬೆಕ್ಕು ನಡೆದುಕೊಂಡೇ ಗೂಡಿನ ಮರ ತಲುಪುತ್ತವೆ.

ಕಾನೂನಿನ ರಕ್ಷಣೆಯೂ ಇಲ್ಲಿ ಜಾರುತ್ತದೆ. 2017ರ ಕೇಂದ್ರ ಜೌಗುಪ್ರದೇಶ ನಿಯಮಗಳು ಸರಾಸರಿ ಗರಿಷ್ಠ ನೆರೆಮಟ್ಟದಿಂದ 50 ಮೀಟರಿನೊಳಗೆ ಕಾಯಂ ಕಟ್ಟಡ ಕೂಡದೆನ್ನುತ್ತವೆ. ಆದರೆ ನೀರಾವರಿಗೋ ಕುಡಿಯುವ ನೀರಿಗೋ ಎಂದೇ ಮನುಷ್ಯ ಕಟ್ಟಿದ್ದನ್ನು ಜೌಗುಪ್ರದೇಶದ ಲೆಕ್ಕದಿಂದ ಹೊರಗಿಡುತ್ತವೆ. ಅಕ್ಷರಶಃ ಓದಿದರೆ ಕುಕ್ಕರಹಳ್ಳಿ ಹೊರಗೇ. ಆದರೆ ರಂಗನತಿಟ್ಟು ಪಕ್ಷಿಧಾಮದ ನಡುಗಡ್ಡೆಗಳೂ ಕಾವೇರಿಗೆ ಅಡ್ಡ ಕಟ್ಟಿದ ಕಟ್ಟೆಯಿಂದಲೇ ಮೂಡಿದವು. ಆದರೂ 2022ರಲ್ಲಿ ಅದು ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಕೈಯಿಂದ ಕಟ್ಟಿದ್ದು ಎಂಬ ಕಾರಣಕ್ಕೆ ಕೆರೆಯನ್ನು ಕೈಬಿಡುವುದು ನ್ಯಾಯವಲ್ಲ.

ಕೆರೆ ಉದ್ಯಾನಗಳ ಎಸ್ಟಿಮೇಟಿನಲ್ಲಿ ಏರಿ, ಕಲ್ಲುಕಟ್ಟಣೆ, ನಡಿಗೆ ದಾರಿ, ದೀಪದ ಕಂಬ ಎಲ್ಲಕ್ಕೂ ಒಂದೊಂದು ಬಾಬತ್ತು ಇರುತ್ತದೆ. ಅಂಚಿನ ನೆಲಕ್ಕೆ ಇರುವುದಿಲ್ಲ. ಟೆಂಡರಿಗೆ ಮೊದಲೇ ಅಧಿಕಾರಿಗಳು ಕೋಡಿಮಟ್ಟದ ಗೆರೆಗುಂಟ ಗುರುತುಕಲ್ಲು ನೆಡಿಸಲಿ. ನೀರು ಒಳಬರುವ ಕಡೆ ಆ ಕಲ್ಲು ದಾಟಿ ಯಂತ್ರ ಇಳಿಯಕೂಡದು, ಅಗೆದ ಮಣ್ಣು ಸುರಿಯಕೂಡದು, ಮರಿಗಳು ಗೂಡಿನಲ್ಲಿರುವಾಗ ನಡುಗಡ್ಡೆಯ ಹತ್ತಿರ ಕೆಲಸ ಹಿಡಿಯಕೂಡದು ಎಂಬ ಮೂರು ಷರತ್ತನ್ನು ಗುತ್ತಿಗೆದಾರನಿಂದ ಬರೆಸಿಕೊಳ್ಳಲಿ.