ದಪ್ಪ ತಂತಿಯೊಳಗಿನ ಕಳ್ಳ

ಕಾರಿನ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದಷ್ಟೇ ಬರುತ್ತದೆ. ಎಂಜಿನ್ ತಿರುಗುವುದಿಲ್ಲ, ದೀಪ ಮಂಕಾಗುತ್ತದೆ. ಇಂಥ ಹೊತ್ತಿನಲ್ಲಿ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಸಾವಿರಾರು ರೂಪಾಯಿ ತೆತ್ತು ಹೊಸದನ್ನು ಹಾಕಿಸಿದ ಮೇಲೂ ಅದೇ ‘ಟಕ್’ ಕೇಳಿದಾಗ ಬ್ಯಾಟರಿಯಿಂದ ಹೊರಟ ದಪ್ಪ ತಂತಿಯ ಕಡೆ ಕಣ್ಣು ಹೋಗುತ್ತದೆ. ಕಾರಿನಲ್ಲಿ ಈ ತಂತಿಗೆ ಇಷ್ಟೊಂದು ಮಹತ್ವ ಬಂದದ್ದು 1912ರಿಂದೀಚೆಗೆ.

ಅದಕ್ಕೆ ಮೊದಲು ಕಾರಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಹಿಮ್ಮುಖವಾಗಿ ಒದ್ದರೆ ಹೊಡೆಯುವವನ ಮಣಿಕಟ್ಟೇ ಮುರಿಯುವ ಭಯ. ಅಮೆರಿಕದ ಡೇಟನ್ ನಗರದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಈ ಕೆಲಸವನ್ನು ವಿದ್ಯುತ್ ಮೋಟಾರಿಗೆ ಒಪ್ಪಿಸಿದರು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಹಿಂದೆ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿಯಲ್ಲಿದ್ದಾಗ ಅಂಗಡಿಗಳ ನಗದು ಯಂತ್ರಕ್ಕೆ ಮೋಟಾರು ಅಳವಡಿಸಿದ್ದವರು ಅವರು. ಕೆಲವೇ ಕ್ಷಣ ದುಡಿಯುವ ಮೋಟಾರು ಚಿಕ್ಕದಾಗಿದ್ದರೂ ಸಾಕು, ಅಷ್ಟು ಹೊತ್ತಿನ ಮಟ್ಟಿಗೆ ಅದರ ಮೇಲೆ ಅತಿಯಾದ ಹೊರೆ ಹೇರಬಹುದು ಎಂಬ ಅನುಭವ ಅಲ್ಲಿನದು. ನಮ್ಮ ಗ್ಯಾರೇಜುಗಳಲ್ಲಿ ಬರೀ ‘ಸೆಲ್ಫ್’ ಎಂದು ಕರೆಸಿಕೊಳ್ಳುವುದು ಇದರ ಸಂತತಿಯೇ.

ಆ ಕೆಲವು ಕ್ಷಣಗಳಲ್ಲಿ ಸೆಲ್ಫ್ 100ಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ಹರಿಯುವ ಪ್ರವಾಹವನ್ನು ರೋಧದಿಂದ ಗುಣಿಸಿದರೆ ದಾರಿಯಲ್ಲಿ ಕಳೆದುಹೋಗುವ ವೋಲ್ಟ್ ಸಿಗುತ್ತದೆ. ಟರ್ಮಿನಲ್ ಮೇಲೆ ಹಸಿರು ಪುಡಿ ಕಟ್ಟಿ ಕೇವಲ 0.01 ಓಮ್ ರೋಧ ಸೇರಿಕೊಂಡರೂ 150 ಆಂಪಿಯರಿಗೆ ಒಂದೂವರೆ ವೋಲ್ಟ್ ಮಾಯ! ಬ್ಯಾಟರಿ 6 ವೋಲ್ಟಿನದಾದರೆ ಅದೇ ಶಕ್ತಿಗೆ 300 ಆಂಪಿಯರ್ ಬೇಕು. ನಷ್ಟ 3 ವೋಲ್ಟ್, ಅಂದರೆ ಅರ್ಧಕ್ಕರ್ಧ. ಎಂಜಿನ್‌ಗಳು ದೊಡ್ಡದಾಗುತ್ತಿದ್ದ 1950ರ ದಶಕದ ನಡುವಿನಲ್ಲಿ ಅಮೆರಿಕದ ಕಾರುಗಳು 6 ವೋಲ್ಟ್ ಬಿಟ್ಟು 12ಕ್ಕೆ ಬಂದುದರ ಹಿಂದೆ ಈ ಲೆಕ್ಕವೂ ಇತ್ತು.

ವಿಚಿತ್ರವೆಂದರೆ, ಓಮ್‌ನ ಹೆಸರು ಹೊತ್ತ ಓಮ್ ಮೀಟರೇ ಇಲ್ಲಿ ಮೋಸ ಹೋಗುತ್ತದೆ. ತಂತಿಯ ಹತ್ತಾರು ಎಳೆಗಳಲ್ಲಿ ಒಂದೆರಡು ಉಳಿದಿದ್ದರೂ ಅದು ‘ಸರಿಯಿದೆ’ ಎಂದುಬಿಡುತ್ತದೆ. ಅದು ಹರಿಸುವ ಪ್ರವಾಹ ಅಷ್ಟು ಅಲ್ಪ. ಕಳ್ಳನನ್ನು ಕಳ್ಳತನದ ಹೊತ್ತಿನಲ್ಲೇ ಹಿಡಿಯಬೇಕು. ಅದಕ್ಕೆ ಗೇರು ನ್ಯೂಟ್ರಲ್‌ನಲ್ಲಿಟ್ಟು, ವೋಲ್ಟ್ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಇನ್ನೊಂದನ್ನು ಸೆಲ್ಫ್‌ನ ಬೋಲ್ಟಿಗೂ ಮುಟ್ಟಿಸಿ, ಮತ್ತೊಬ್ಬರಿಂದ ಕೀಲಿ ತಿರುಗಿಸಬೇಕು. ಮೀಟರು ತೋರಿಸುವುದೇ ನಷ್ಟ. ಅದು ಅರ್ಧ ವೋಲ್ಟ್ ದಾಟಿದರೆ ಕಡ್ಡಿಯನ್ನು ಒಂದೊಂದೇ ಜೋಡಣೆಗೆ ಸರಿಸುತ್ತ ಬಂದರೆ ಕೆಟ್ಟ ಜಾಗ ಸಿಗುತ್ತದೆ.

ನೆಗೆಟಿವ್ ಕಡೆಯನ್ನು ನೋಡುವವರು ಕಡಿಮೆ. ರಬ್ಬರಿನ ಮೇಲೆ ಕೂತಿರುವ ಎಂಜಿನ್‌ಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ತುಂಡಾದರೆ ಪ್ರವಾಹ ಸಿಕ್ಕ ಲೋಹದ ದಾರಿ ಹಿಡಿಯುತ್ತದೆ. ಕೀಲಿ ತಿರುಗಿಸಿದಾಗ ಕ್ಲಚ್ ಅಥವಾ ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿ ಹೊಗೆಯಾಡುವುದು ಹೀಗೆ.